ನೂಲು ಬಿಚ್ಚಾಣಿಕೆ ಘಟಕದಲ್ಲಿ ಕುರ್ಚಿ ಇಟ್ಟರೂ ಯಾರೂ ಕೂರುತ್ತಿಲ್ಲ: ತೊಡಕಿರುವುದು ಕುರ್ಚಿಯಲ್ಲೋ, ಬೇಸಿನ್ನಿನಲ್ಲೋ?

ಪ್ರಶ್ನೆ — ಗೂಡು ಮತ್ತು ನೂಲು (ಶಿಡ್ಲಘಟ್ಟ)

ಶಿಡ್ಲಘಟ್ಟದಲ್ಲಿ ನಮ್ಮದೊಂದು ಸಣ್ಣ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕವಿದೆ. ತಂದೆಯವರ ಕಾಲದಲ್ಲಿ ಚರಕವಿತ್ತು, ಆಮೇಲೆ ಕಾಟೇಜ್ ಬೇಸಿನ್ ಬಂತು, ಈಗ ಬೆಂದ ಗೂಡನ್ನು ಬಿಸಿನೀರಿನಲ್ಲಿಟ್ಟು ನೂಲು ಬಿಚ್ಚುವ, ಹತ್ತು ಎಳೆಗಳ ಮಲ್ಟಿ ಎಂಡ್ ಬೇಸಿನ್‌ಗಳಿವೆ. ಒಂದೊಂದು ಬೇಸಿನ್ನಿನ ಮುಂದೆ ಒಬ್ಬೊಬ್ಬ ಹೆಂಗಸು ನಿಂತು, ಬೆಂದ ಗೂಡಿನಿಂದ ಎಳೆ ಹುಡುಕಿ ತೆಗೆದು ಬಟನ್ನಿಗೆ (ಎಳೆಗಳು ಕೂಡಿ ನೂಲಾಗಿ ಹಾಯುವ ಸಣ್ಣ ತೂತಿನ ಬಿಲ್ಲೆಗೆ) ಕೊಡುತ್ತಾ, ಎಲ್ಲಿ ಗೂಡು ಮುಗಿದು ನೂಲು ತೆಳುವಾಯಿತೋ ಅಲ್ಲಿ ಹೊಸ ಗೂಡಿನ ಎಳೆ ಸೇರಿಸುತ್ತಾ ಬೆಳಿಗ್ಗೆಯಿಂದ ಸಂಜೆಯವರೆಗೆ ಕೆಲಸ ಮಾಡುತ್ತಾರೆ. ಇವರಲ್ಲಿ ಬಹುತೇಕರು ಹೇಳುವುದು ಮೂರು ನೋವು: ಭುಜ, ಕುತ್ತಿಗೆಯ ಹಿಂಭಾಗ ಮತ್ತು ಹಿಮ್ಮಡಿ. ಸಂಜೆಯ ಹೊತ್ತಿಗೆ ಎಳೆ ಕಡಿಯುವುದು ಹೆಚ್ಚುತ್ತದೆ, ನೂಲಿನ ದಪ್ಪವೂ ಒಂದೇ ಸಮ ಬರುವುದಿಲ್ಲ ಎಂಬುದು ನನ್ನ ಕಡೆಯ ನೋವು.

ಹಿಮ್ಮಡಿ ನೋವಿಗೆ ಮದ್ದಾಗಲಿ ಎಂದು ಪ್ರತಿ ಬೇಸಿನ್ನಿಗೂ ಒಂದೊಂದು ಪ್ಲಾಸ್ಟಿಕ್ ಕುರ್ಚಿ ತರಿಸಿದೆ. ಊಟದ ಹೊತ್ತಿನಲ್ಲಿ ಬಿಟ್ಟರೆ ಅವುಗಳಲ್ಲಿ ಯಾರೂ ಕೂರುತ್ತಿಲ್ಲ, ಈಗ ಅವುಗಳ ಮೇಲೆ ಬ್ಯಾಗು, ಬುತ್ತಿ ಇರುತ್ತವೆ. ಕೇಳಿದರೆ "ನಿಂತೇ ಅಭ್ಯಾಸ" ಎನ್ನುತ್ತಾರೆ. ಯಂತ್ರ ಕೊಟ್ಟವರನ್ನು ಕೇಳಿದರೆ ಬೇಸಿನ್ನಿನ ಎತ್ತರ ಎಲ್ಲ ಕಡೆಯೂ ಇಷ್ಟೇ ಎಂದರು.

ಎರ್ಗೊನಾಮಿಕ್ಸ್ ಎಂಬ ಶಾಸ್ತ್ರವೇ ಇದೆ, ಅದು ಕೆಲಸವನ್ನು ಮನುಷ್ಯನಿಗೆ ಹೊಂದಿಸುವ ವಿದ್ಯೆ ಎಂದು ಓದಿದ್ದೇನೆ. ಆದರೆ ಹುಡುಕಿದಾಗಲೆಲ್ಲ ಸಿಗುವುದು ಕಂಪ್ಯೂಟರ್ ಮುಂದೆ ಹೇಗೆ ಕೂರಬೇಕು ಎಂಬ ಚಿತ್ರಗಳು ಮಾತ್ರ. ನಮ್ಮಂಥ ಘಟಕಕ್ಕೆ ಅದರಿಂದ ಏನಾದರೂ ದಕ್ಕುತ್ತದೆಯೇ? ತಿಳಿದವರು ಲೆಕ್ಕದ ಸಮೇತ ವಿವರಿಸಬೇಕಾಗಿ ಕೋರುತ್ತೇನೆ. ಇದರ ಜೊತೆಗೆ, ಬೇಯಿಸಿದ ಗೂಡಿನ ತೊಟ್ಟಿಗಳನ್ನು ನೆಲದಿಂದ ಎತ್ತಿ ಬೇಸಿನ್ನಿಗೆ ಸುರಿಯುವ ಹುಡುಗನಿಗೆ ಸೊಂಟ ಹಿಡಿದುಕೊಂಡಿದೆ. ತೊಟ್ಟಿಯ ತೂಕ ನೀರು ಸೇರಿ 15 ಕೆ.ಜಿ. ಆಸುಪಾಸಿನಲ್ಲಿದೆ, ಅದೇನು ಮಹಾ ಭಾರವಲ್ಲವಲ್ಲ?

ಅಳತೆ ಬೇಕಾದೀತೆಂದು ಬರೆಯುತ್ತಿದ್ದೇನೆ. ಬೇಸಿನ್ನಿನ ಅಂಚು ನೆಲದಿಂದ 96 ಸೆಂ.ಮೀ., ಬಟನ್‌ಗಳ ಸಾಲು ಅಂಚಿನಿಂದ ಇನ್ನೂ 12 ಸೆಂ.ಮೀ. ಮೇಲೆ, ಕುರ್ಚಿಯ ಆಸನ 45 ಸೆಂ.ಮೀ.

ಉತ್ತರ — ಅಳತೆಗೋಲು (ತುಮಕೂರು)

ನಾನು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರ್. ರೇಷ್ಮೆಯ ಕಸುಬು ನನ್ನದಲ್ಲ, ಆದರೆ ನೀವು ಅಳತೆ ಕೊಟ್ಟಿರುವುದರಿಂದ ಕುರ್ಚಿಯ ಪ್ರಶ್ನೆಗೆ ಉತ್ತರ ಕಷ್ಟವಲ್ಲ.

ನಮ್ಮ ಕಡೆಯ ಹೆಂಗಸರು ಕುಳಿತಾಗ ಆಸನದಿಂದ ಮೊಣಕೈವರೆಗಿನ ಎತ್ತರ ಸುಮಾರು 20 ಸೆಂ.ಮೀ. ಇರುತ್ತದೆ. ನಿಮ್ಮ ಕುರ್ಚಿಯ ಆಸನ 45 ಸೆಂ.ಮೀ. ಎಂದಮೇಲೆ ಕುಳಿತವರ ಮೊಣಕೈ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ಬೇಸಿನ್ನಿನ ಅಂಚು 96ರಲ್ಲಿದೆ, ಬಟನ್ನುಗಳು 108ರಲ್ಲಿವೆ. ಅಂದರೆ ಕುಳಿತವರು ತಮ್ಮ ಮೊಣಕೈಗಿಂತ 43 ಸೆಂ.ಮೀ. ಮೇಲಕ್ಕೆ ಬೆರಳೆತ್ತಿ ಎಳೆ ಕೊಡಬೇಕು. ಅಷ್ಟೇ ಅಲ್ಲ, ಅಂಚು ಅವರ ಕತ್ತಿನ ಹತ್ತಿರಕ್ಕೆ ಬರುವುದರಿಂದ ನೀರಿನೊಳಗಿನ ಗೂಡೇ ಸರಿಯಾಗಿ ಕಾಣುವುದಿಲ್ಲ. ಅವರು ಕೂರದಿರುವುದು ಅಭ್ಯಾಸಬಲದಿಂದಲ್ಲ. ಆ ಕುರ್ಚಿಯಲ್ಲಿ ಕುಳಿತು ಈ ಕೆಲಸ ಮಾಡಲು ಯಾರಿಂದಲೂ ಆಗದು.

ಹಾಗಾದರೆ ಎತ್ತರದ ಸ್ಟೂಲ್ ಹಾಕಿದರಾಯಿತು ಎನ್ನಿಸಬಹುದು. ಮೊಣಕೈ 96ಕ್ಕೆ ಬರಬೇಕಾದರೆ ಆಸನ 75ರ ಸುಮಾರಿಗೆ ಬೇಕು. ತೊಡೆಯ ದಪ್ಪ 12-13 ಸೆಂ.ಮೀ. ಸೇರಿಸಿದರೆ ಬೇಸಿನ್ನಿನ ತಳಭಾಗ 88ಕ್ಕಿಂತ ಮೇಲಿರಬೇಕು. ನಿಮ್ಮ ಬೇಸಿನ್ 8 ಸೆಂ.ಮೀ.ಗಿಂತ ಆಳವಾಗಿಯೇ ಇರುತ್ತದೆಂದು ಊಹಿಸುತ್ತೇನೆ. ಆಗ ಮಂಡಿ ತೂರಿಸಲು ಜಾಗವಿರದೆ, ಕುಳಿತವರು ಒಂದೋ ಹಿಂದಕ್ಕೆ ಸರಿದು ಮುಂದಕ್ಕೆ ಬಾಗಬೇಕು, ಇಲ್ಲವೇ ಪಕ್ಕಕ್ಕೆ ತಿರುಗಿ ಸೊಂಟ ತಿರುಚಬೇಕು. ಎರಡೂ ನಿಂತಿರುವುದಕ್ಕಿಂತ ಕೆಡುಕು. ಆದ್ದರಿಂದ ಈ ಬೇಸಿನ್ನಿಗೆ ಪೂರ್ತಿ ಕೂರುವ ಆಸನ ಹೊಂದುವುದಿಲ್ಲ. ಹೊಂದುವುದು 65 ಸೆಂ.ಮೀ. ಸುಮಾರಿನ, ಮುಂದಕ್ಕೆ ತುಸು ಇಳಿಜಾರಾದ ಒರಗು ಸ್ಟೂಲ್. ಅದರ ಮೇಲೆ ಮುಕ್ಕಾಲು ನಿಂತಂತೆ, ಕಾಲು ಭಾಗ ಕುಳಿತಂತೆ ಇರಬಹುದು, ತೊಡೆ ಇಳಿಜಾರಾಗಿರುವುದರಿಂದ ಮಂಡಿ ಬೇಸಿನ್ನಿಗೆ ತಾಗುವುದಿಲ್ಲ.

ಇನ್ನು ಭುಜದ ನೋವು. ಒಂದು ತೋಳಿನ ತೂಕ ದೇಹದ ತೂಕದ ಶೇ 5ರಷ್ಟಿರುತ್ತದೆ. 50 ಕೆ.ಜಿ. ತೂಗುವವರು ತೋಳೆತ್ತಿ ಹಿಡಿದಾಗ ಬರಿಗೈಯಲ್ಲಿದ್ದರೂ ಎರಡೂವರೆ ಕೆ.ಜಿ.ಯನ್ನು ಭುಜದ ಸ್ನಾಯುವಿನಿಂದಲೇ ತಡೆದು ನಿಲ್ಲಿಸಿರುತ್ತಾರೆ. ಬಿಗಿಹಿಡಿದು ನಿಂತ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಒತ್ತಿಕೊಳ್ಳುತ್ತದೆ, ಹಾಗಾಗಿ ಬೇಗ ಸೋಲುತ್ತದೆ. ಜರ್ಮನಿಯ ರೋಮರ್ಟ್ 1960ರಲ್ಲಿ ತೋರಿಸಿದ ಪ್ರಕಾರ, ಗರಿಷ್ಠ ಬಲದ ಅರ್ಧದಷ್ಟನ್ನು ಒಂದೇ ಭಂಗಿಯಲ್ಲಿ ಹಿಡಿದಿಡಲು ಆಗುವುದು ಒಂದು ನಿಮಿಷದಷ್ಟು ಹೊತ್ತು ಮಾತ್ರ. ಶೇ 15ರ ಆಸುಪಾಸಿಗೆ ಇಳಿದರೆ ಬಹಳ ಹೊತ್ತು ತಡೆಯಬಹುದು. ಶೇ 15 ಕೂಡ ದಿನವಿಡೀ ಹಿಡಿಯುವಂಥದ್ದಲ್ಲ ಎಂಬುದು ನಂತರದವರು ಮಾಡಿದ ತಿದ್ದುಪಡಿ. ನಿಮ್ಮ ಘಟಕದಲ್ಲಿ ಸಂಜೆ ಎಳೆ ಕಡಿಯುವುದು ಹೆಚ್ಚುತ್ತದೆಂದಿರಿ. ನಡುಗುವ ಭುಜದ ತುದಿಯಲ್ಲಿರುವ ಬೆರಳು ರೇಷ್ಮೆ ಎಳೆಯಂಥದ್ದನ್ನು ನಿಖರವಾಗಿ ಎಸೆಯಲಾರದು. ನೀವು ಎರಡಾಗಿ ಹೇಳಿದ ನೋವು ನನಗೆ ಒಂದಾಗಿಯೇ ಕಾಣುತ್ತದೆ.

ಕೆಲಸದ ಎತ್ತರಕ್ಕೆ ಒಂದು ಹಳೆಯ ಸೂತ್ರವಿದೆ. ನಿಂತು ಮಾಡುವ ಸೂಕ್ಷ್ಮ ಕೆಲಸ ಮೊಣಕೈಗಿಂತ 5ರಿಂದ 10 ಸೆಂ.ಮೀ. ಮೇಲಿರಬೇಕು, ಹಗುರ ಕೈಕೆಲಸ 10ರಿಂದ 15 ಸೆಂ.ಮೀ. ಕೆಳಗಿರಬೇಕು, ಬಲ ಹಾಕುವ ಕೆಲಸ ಇನ್ನೂ ಕೆಳಗೆ. ನಿಮ್ಮಲ್ಲಿ ಎರಡು ಕೆಲಸಗಳು ಬೆರೆತಿವೆ: ನೀರಿನಲ್ಲಿ ಗೂಡು ಆರಿಸುವುದು ಹಗುರ ಕೆಲಸ, ಬಟನ್ನಿಗೆ ಎಳೆ ಕೊಡುವುದು ಸೂಕ್ಷ್ಮ ಕೆಲಸ. ಹಾಗಾಗಿ ಬಟನ್ನು ಮೊಣಕೈಯಿಂದ ಮೇಲೆ 10 ಸೆಂ.ಮೀ. ಒಳಗೇ ಇರಲಿ, ನೀರಿನ ಮಟ್ಟ ಮೊಣಕೈಗಿಂತ ತುಸು ಕೆಳಗಿರಲಿ. ದಯವಿಟ್ಟು ಪ್ರತಿಯೊಬ್ಬರ ನಿಂತಾಗಿನ ಮೊಣಕೈ ಎತ್ತರವನ್ನು ಅಳೆದು ಇಲ್ಲಿ ಹಾಕಿ, ಅವರು ಕೆಲಸದಲ್ಲಿ ತೊಡುವ ಚಪ್ಪಲಿಯ ಸಮೇತ.

ಅಳೆದ ಮೇಲೆ ಸರಾಸರಿ ತೆಗೆಯಲು ಹೋಗಬೇಡಿ. ಅಮೆರಿಕದ ವಾಯುಪಡೆ 1950ರಲ್ಲಿ ಕಾಕ್‌ಪಿಟ್ ವಿನ್ಯಾಸಕ್ಕಾಗಿ 4,063 ಪೈಲಟ್‌ಗಳ ದೇಹದ ಅಳತೆ ತೆಗೆಯಿತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕರು ಅವುಗಳಲ್ಲಿ ಹತ್ತು ಮುಖ್ಯ ಅಳತೆಗಳನ್ನು ಆರಿಸಿ, ಹತ್ತರಲ್ಲೂ ಸರಾಸರಿಯ ಆಸುಪಾಸಿಗೆ ಬರುವವರು ಎಷ್ಟು ಮಂದಿ ಎಂದು ನೋಡಿದರು. ಒಬ್ಬರೂ ಇರಲಿಲ್ಲ. ಕಾಕ್‌ಪಿಟ್ಟಿನ ಆಸನವನ್ನು ಹಿಂದೆ ಮುಂದೆ ಸರಿಸುವಂತಿರಬೇಕು ಎಂಬ ಪಾಠ ಆಗ ಗಟ್ಟಿಯಾಯಿತು. ಸರಾಸರಿಗೆ ಬೇಸಿನ್ ಕೂರಿಸಿದರೆ ಕುಳ್ಳಗಿನವರ ಭುಜ, ಎತ್ತರದವರ ಬೆನ್ನು ಎರಡೂ ಕೆಡುತ್ತವೆ. ರೂಢಿಯಲ್ಲಿರುವ ದಾರಿ ಬೇರೆ: ಎತ್ತರದವರಿಗೆ ಸರಿಯಾಗುವಂತೆ ಬೇಸಿನ್ ಇಟ್ಟು, ಉಳಿದವರ ಕಾಲಡಿಗೆ ಹಲಗೆ ಕೊಡುವುದು. ಎತ್ತರದವರನ್ನು ನೆಲದೊಳಗೆ ಇಳಿಸಲಾಗುವುದಿಲ್ಲವಷ್ಟೆ. ಭಾರತೀಯರ ದೇಹದ ಅಳತೆಗಳ ದೊಡ್ಡ ಸಂಗ್ರಹವೊಂದನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಹೊರತಂದಿದೆ, ಆದರೆ ಕೆಲಸಗಾರರೆಲ್ಲ ಕಣ್ಣೆದುರಿಗೇ ಇರುವಾಗ ನಿಮಗೆ ಪುಸ್ತಕಕ್ಕಿಂತ ಟೇಪೇ ಮೇಲು.

ಉತ್ತರ — ಕೀಲು ಮತ್ತು ಸ್ನಾಯು (ಕೋಲಾರ)

ಕೋಲಾರದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಮೇಲಿನವರ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಚರ್ಚೆಯೆಲ್ಲ ಆಸನದ ಸುತ್ತ ತಿರುಗುವುದಕ್ಕೆ ನನ್ನ ತಕರಾರಿದೆ.

ಕೂರಿಸಿಬಿಟ್ಟರೆ ನೋವು ಹೋಗುತ್ತದೆಂಬುದು ನಿಜವಲ್ಲ. ಸ್ವೀಡನ್ನಿನ ನಾಚೆಮ್ಸನ್ 1960ರ ದಶಕದಲ್ಲಿ ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕ್‌ನೊಳಕ್ಕೇ ಸೂಜಿ ಇಳಿಸಿ ಒತ್ತಡ ಅಳೆದಾಗ, ನಿಂತಿರುವಾಗಿಗಿಂತ ಆಸರೆಯಿಲ್ಲದೆ ಕುಳಿತಾಗ ಒತ್ತಡ ಹೆಚ್ಚಿತ್ತು. 1999ರಲ್ಲಿ ವಿಲ್ಕೆ ಮತ್ತು ಸಂಗಡಿಗರು ಮತ್ತೆ ಅಳೆದಾಗ ಕುಳಿತಾಗಿನ ಒತ್ತಡ ಅಷ್ಟೇನೂ ಹೆಚ್ಚಲ್ಲ, ನಿಂತಾಗಿನ ಮಟ್ಟದ ಆಸುಪಾಸಿನಲ್ಲೇ ಇದೆಯೆಂದು ಕಂಡಿತು. ಮುಂದಕ್ಕೆ ಬಾಗಿದಾಗ ಒತ್ತಡ ಏರುತ್ತದೆ ಎಂಬಲ್ಲಿ ಮಾತ್ರ ಎರಡಕ್ಕೂ ಭಿನ್ನಾಭಿಪ್ರಾಯವಿಲ್ಲ. ಕೆಲಸ ಮಾಡುತ್ತಾ ಭಂಗಿ ಬದಲಾಯಿಸಲು ಅವಕಾಶವಿದೆಯೇ ಎಂಬುದನ್ನು ಮೊದಲು ನೋಡಬೇಕು. ಒರಗು ಸ್ಟೂಲ್ ಒಳ್ಳೆಯದು, ಏಕೆಂದರೆ ಅದರಿಂದ ಏಳುವುದು ಸುಲಭ.

ಹಿಮ್ಮಡಿ ನೋವಿಗೆ ಕಾರಣ ನಿಲ್ಲುವುದಕ್ಕಿಂತ ಹೆಚ್ಚಾಗಿ ಕದಲದೆ ನಿಲ್ಲುವುದು. ನಡೆಯುವಾಗ ಮೀನಖಂಡದ ಸ್ನಾಯು ಹಿಗ್ಗಿ ಕುಗ್ಗಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಒಂದೇ ಕಡೆ ನಿಂತರೆ ಆ ಪಂಪು ನಿಂತುಹೋಗುತ್ತದೆ, ಕಾಲು ಊದುತ್ತದೆ, ಕಾಲಾಂತರದಲ್ಲಿ ನರ ಉಬ್ಬುತ್ತದೆ. ಕಾಂಕ್ರೀಟ್ ನೆಲದ ಮೇಲೆ ಒದ್ದೆ ಹವಾಯಿ ಚಪ್ಪಲಿಯಲ್ಲಿ ನಿಂತರೆ ಹಿಮ್ಮಡಿ ಕೇಳಬೇಕೇ? ಬೇಸಿನ್ನಿನ ಬುಡದಲ್ಲಿ 15 ಸೆಂ.ಮೀ. ಎತ್ತರದ ಒಂದು ಪೈಪನ್ನು ಅಡ್ಡಲಾಗಿ ಬೆಸೆಯಿಸಿ, ಒಂದೊಂದು ಕಾಲನ್ನು ಸರದಿಯಲ್ಲಿ ಅದರ ಮೇಲಿಟ್ಟುಕೊಳ್ಳಬಹುದು. ಅದರ ಜೊತೆಗೆ ಕಾಲ್ಬೆರಳು ಒಳಗೆ ತೂರುವಷ್ಟು ಸಂದು ಬೇಕು. ಸಂದಿಲ್ಲದಿದ್ದರೆ ದೇಹ ಹಿಂದೆಯೇ ಉಳಿದು ಕೈ ಮಾತ್ರ ಮುಂದಕ್ಕೆ ಚಾಚಿಕೊಳ್ಳುತ್ತದೆ.

ಯಾವ ನೋವು ಎಷ್ಟು ಮಂದಿಗೆ ಎಂಬುದನ್ನು ಅಂದಾಜಿಗೆ ಬಿಡಬೇಡಿ. ಉತ್ತರ ಯುರೋಪಿನ ಸಂಶೋಧಕರು 1987ರಲ್ಲಿ ಪ್ರಕಟಿಸಿದ ನಾರ್ಡಿಕ್ ಪ್ರಶ್ನಾವಳಿ ಎಂಬುದೊಂದಿದೆ. ದೇಹದ ಚಿತ್ರವೊಂದನ್ನು ಒಂಬತ್ತು ಭಾಗ ಮಾಡಿ, ಕಳೆದ 12 ತಿಂಗಳಲ್ಲಿ ಎಲ್ಲಿ ನೋವಿತ್ತು, ಕಳೆದ 7 ದಿನಗಳಲ್ಲಿ ಎಲ್ಲಿತ್ತು, ಅದರಿಂದ ಕೆಲಸ ನಿಂತಿತೇ ಎಂದು ಕೇಳುತ್ತಾರೆ. ಬದಲಾವಣೆಗೆ ಮುಂಚೆ ಒಮ್ಮೆ, ಕೆಲವು ತಿಂಗಳ ನಂತರ ಒಮ್ಮೆ ತುಂಬಿಸಿದರೆ ಖರ್ಚು ಮಾಡಿದ್ದು ಸಾರ್ಥಕವಾಯಿತೇ ಎಂದು ನಿಮಗೇ ತಿಳಿಯುತ್ತದೆ. ಹೆಸರು ಬರೆಸಬೇಡಿ, ಹೆಸರಿದ್ದರೆ ಯಾರೂ ನಿಜ ಹೇಳುವುದಿಲ್ಲ.

ನೀವು ಕೇಳದಿದ್ದರೂ ಬೆರಳಿನ ವಿಷಯ ಹೇಳಲೇಬೇಕು. ಬಿಸಿ ನೀರು, ಗೂಡಿನ ಅಂಟು, ಹುಳುವಿನ ಜಿಡ್ಡು ಮೂರೂ ಸೇರಿ ಚರ್ಮವನ್ನು ನೆನೆಸಿ ಬಿರಿಯುವಂತೆ ಮಾಡುತ್ತವೆ. ಬಿರಿದ ಬೆರಳಿಗೆ ಎಳೆಯ ಸ್ಪರ್ಶ ಗೊತ್ತಾಗುವುದಿಲ್ಲವಾದ್ದರಿಂದ ಹಿಡಿತ ಬಿಗಿಯಾಗುತ್ತದೆ, ಆ ಬಿಗಿ ಮೊಣಕೈವರೆಗೆ ಏರುತ್ತದೆ. ಪಕ್ಕದಲ್ಲಿ ಶುದ್ಧ ನೀರು, ಒಣ ಬಟ್ಟೆ, ರಾತ್ರಿ ಕೊಬ್ಬರಿ ಎಣ್ಣೆ ಇಷ್ಟಾದರೂ ಇರಲಿ. ವೃತ್ತಿಸಂಬಂಧಿ ಕಾಯಿಲೆಗಳಿಗೆಂದೇ ಇರುವ ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯ ದಕ್ಷಿಣ ಕೇಂದ್ರ ದೇವನಹಳ್ಳಿ ದಿಕ್ಕಿನಲ್ಲೇ, ಕನ್ನಮಂಗಲದ ಬಳಿ ಇದೆ. ಶಿಡ್ಲಘಟ್ಟದಿಂದ ದೂರವೇನಲ್ಲ.

ಪ್ರಶ್ನೆ ಕೇಳಿದವರು — ಗೂಡು ಮತ್ತು ನೂಲು

ಇಬ್ಬರಿಗೂ ಧನ್ಯವಾದಗಳು. ಅಳತೆ ತೆಗೆದೆ. ನಿಂತಾಗಿನ ಮೊಣಕೈ ಎತ್ತರ ಅತಿ ಕಡಿಮೆಯವರದು 91 ಸೆಂ.ಮೀ., ಅತಿ ಹೆಚ್ಚಿನವರದು 102. ಬೇಸಿನ್ನಿನ ಆಳ 16 ಸೆಂ.ಮೀ., ಆದ್ದರಿಂದ ಮಂಡಿಯ ಬಗ್ಗೆ ಹೇಳಿದ್ದು ಸರಿಯಾಗಿದೆ. 91 ಸೆಂ.ಮೀ.ನವರಿಗೆ ಬಟನ್ನು ಮೊಣಕೈಗಿಂತ 17 ಸೆಂ.ಮೀ. ಮೇಲಾಗುತ್ತದೆ, 102ರವರಿಗೆ 6 ಮಾತ್ರ. ಭುಜದ ನೋವನ್ನು ಜೋರಾಗಿ ಹೇಳುವವರು ಯಾರೆಂದು ಈಗ ನೋಡಿದರೆ ಹೆಚ್ಚುಕಡಿಮೆ ಕುಳ್ಳಗಿನವರೇ. ಎತ್ತರದವರಲ್ಲೂ ಕುತ್ತಿಗೆ ನೋವಿದೆ, ಅದೇಕೆಂದು ಹೊಳೆಯಲಿಲ್ಲ.

ಹಲಗೆ ಹಾಕಿದರೆ ಒದ್ದೆ ನೆಲದಲ್ಲಿ ಜಾರಿ ಬಿದ್ದಾರು ಎಂಬ ಅಂಜಿಕೆಯೂ ಇದೆ.

ಉತ್ತರ — ಬೇಸಿನ್ ಮುಂದಿನವಳು (ಶಿಡ್ಲಘಟ್ಟ)

ನಾನು ಮದುವೆಗೆ ಮುಂಚಿನಿಂದ ಬೇಸಿನ್ ಮುಂದೆ ನಿಂತವಳು, ಈಗ ಬೇರೊಂದು ಘಟಕದಲ್ಲಿ ಉಸ್ತುವಾರಿ ನೋಡಿಕೊಳ್ಳುತ್ತೇನೆ. ಎಂಜಿನಿಯರರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಬೇಸಿನ್ನಿನ ಮುಂದೆ ನಿಂತವರಿಗೆ ಕಾಣುವ ಕೆಲವು ಸಂಗತಿಗಳು ಅದರಲ್ಲಿ ಬಂದಿಲ್ಲ.

ಮೊದಲನೆಯದು ಕುತ್ತಿಗೆ. ಎಳೆ ಬಿಳಿ, ಗೂಡು ಬಿಳಿ, ಎಷ್ಟೋ ಕಡೆ ಬೇಸಿನ್ನಿನ ಒಳಗೂ ಹಿಂದಿನ ಗೋಡೆಗೂ ಬಿಳಿ ಟೈಲ್ಸ್. ಮೇಲಿನ ಟ್ಯೂಬ್‌ಲೈಟ್ ನೇರವಾಗಿ ನೀರಿನಲ್ಲಿ ಹೊಳೆಯುತ್ತದೆ. ಆ ಹೊಳಪನ್ನು ತಪ್ಪಿಸಿ ಎಳೆ ಕಾಣಬೇಕಾದರೆ ತಲೆಯನ್ನು ಒಂದು ಕಡೆಗೆ ವಾಲಿಸಿ, ಗದ್ದ ಮುಂದಕ್ಕೆ ಚಾಚಿ ನೋಡಬೇಕು. ಎತ್ತರದವರಿಗೆ ಕಣ್ಣಿಗೂ ನೀರಿಗೂ ಅಂತರ ಹೆಚ್ಚು, ಅವರು ಇನ್ನಷ್ಟು ಬಗ್ಗುತ್ತಾರೆ. ಅವರ ಕುತ್ತಿಗೆ ನೋವಿಗೆ ಮೊಣಕೈಯನ್ನು ಅಳೆದರೆ ಉತ್ತರ ಸಿಗುವುದಿಲ್ಲ. ನಮ್ಮ ಘಟಕದಲ್ಲಿ ಬೇಸಿನ್ನಿನ ಹಿಂಭಾಗಕ್ಕೆ ಕಡುಗಪ್ಪು ಹಾಳೆ ಅಂಟಿಸಿ, ದೀಪವನ್ನು ತಲೆಯ ಮೇಲಿಂದ ಪಕ್ಕಕ್ಕೆ ಸರಿಸಿದೆವು. ಎಳೆ ಕಪ್ಪಿನ ಮುಂದೆ ಗೆರೆ ಎಳೆದಂತೆ ಕಾಣುತ್ತದೆ. ಖರ್ಚು ಲೆಕ್ಕಕ್ಕೇ ಇಲ್ಲ.

ಎರಡನೆಯದು, ಹತ್ತು ಎಳೆಗಳ ಬೇಸಿನ್ ಉದ್ದವಾಗಿರುತ್ತದೆ. ಮೊದಲನೇ ಎಳೆಯಿಂದ ಹತ್ತನೇ ಎಳೆಗೆ ಹೋಗಲು ಎರಡು ಹೆಜ್ಜೆ ಪಕ್ಕಕ್ಕೆ ಸರಿಯಬೇಕು. ಎಲ್ಲಿ ಕಡಿಯುತ್ತದೋ ಅಲ್ಲಿಗೆ ಆ ಕ್ಷಣವೇ ಹೋಗಬೇಕು, ತಡವಾದರೆ ನೂಲು ಸುತ್ತಿಕೊಳ್ಳುವ ರಾಟೆ ಬರಿದೇ ತಿರುಗುತ್ತದೆ. ನಡುವೆ ಕುಳಿತವಳು ಎರಡೂ ತುದಿಗೆ ಬಾಗಿ ಬಾಗಿ ಸೊಂಟ ಮುರಿದುಕೊಳ್ಳುತ್ತಾಳೆ. ಒರಗು ಸ್ಟೂಲ್ ತಂದರೆ ಅದು ಪಕ್ಕಕ್ಕೆ ಸರಿಯುವಂತಿರಲಿ, ಆದರೆ ಚಕ್ರ ಹಾಕಬೇಡಿ, ಒದ್ದೆ ನೆಲದಲ್ಲಿ ಅಪಾಯ. ಬೇಸಿನ್ನಿನ ಬುಡದ ಪೈಪಿಗೇ ಬಳೆಯಂಥ ಕೊಂಡಿ ಹಾಕಿ ಸ್ಟೂಲನ್ನು ಅತ್ತಿತ್ತ ಜಾರಿಸುವಂತೆ ಮಾಡಿದವರನ್ನು ನೋಡಿದ್ದೇನೆ.

ಮೂರನೆಯದಾಗಿ, ರಾಟೆ ನಿಲ್ಲಿಸುವ ಹಿಡಿಕೆಗಳು ನಮ್ಮ ತಲೆಯ ಮಟ್ಟಕ್ಕಿಂತ ಮೇಲಿರುತ್ತವೆ. ದಿನಕ್ಕೆ ಎಷ್ಟು ಸಲ ಎಳೆ ಕಡಿಯುತ್ತದೋ ಅಷ್ಟು ಸಲ ಕೈ ಮೇಲಕ್ಕೆ ಹೋಗುತ್ತದೆ. ಬಟನ್ನನ್ನು 2 ಸೆಂ.ಮೀ. ಇಳಿಸುವುದಕ್ಕಿಂತ ಈ ಹಿಡಿಕೆಯನ್ನು ಕೆಳಗೆ ತಂದರೆ ಭುಜಕ್ಕೆ ಹೆಚ್ಚು ಪುಣ್ಯ.

ಕೊನೆಯ ಮಾತು ಮಾಲೀಕರಿಗೆ ರುಚಿಸಲಿಕ್ಕಿಲ್ಲ. ಮಾಲೀಕರು ಬಾಗಿಲಲ್ಲಿ ಕಾಣಿಸಿದಾಗ ಕುಳಿತಿದ್ದವಳು ಎದ್ದು ನಿಲ್ಲುತ್ತಾಳೆ. ಕುಳಿತರೆ ಸೋಮಾರಿ ಎಂಬ ಭಾವನೆ ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಕೂಲಿಯನ್ನು ನೂಲಿನ ತೂಕದ ಮೇಲೆ ಕೊಡುವ ಕಡೆಯಲ್ಲಂತೂ ವಿರಾಮ ಎಂದರೆ ಕೈಯಿಂದ ಬಿಟ್ಟ ದುಡ್ಡು. "ನಿಂತೇ ಅಭ್ಯಾಸ" ಎಂದು ನಿಮಗೆ ಹೇಳಿದವರು ಇದನ್ನೆಲ್ಲ ನಿಮ್ಮೆದುರು ಹೇಳುವುದು ಹೇಗೆ? ಮೊದಲು ಇಡೀ ಘಟಕಕ್ಕೆ ಒಟ್ಟಿಗೆ ಸ್ವಲ್ಪ ಹೊತ್ತಿನ ವಿರಾಮ ಕೊಟ್ಟು, ಆ ಹೊತ್ತಿನ ಕೂಲಿ ಕಡಿಯದೆ ನೋಡಿ.

ಉತ್ತರ — ಬಾಕ್ಸ್ ಲೆಕ್ಕ (ಕೋಲಾರ)

ತೊಟ್ಟಿ ಎತ್ತುವ ಹುಡುಗನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಕೂಡ 15 ಕೆ.ಜಿ.ಯದೇ, ಮಂಡಿಯಲ್ಲಿ ಲೋಡಿಂಗ್ ನೋಡಿಕೊಳ್ಳುವ ನನಗೆ ಈ ತೂಕದ ಪರಿಚಯ ಚೆನ್ನಾಗಿದೆ.

ಕೆಲಸದ ಸುರಕ್ಷತೆ, ಆರೋಗ್ಯಕ್ಕೆಂದೇ ಇರುವ ಅಮೆರಿಕದ ನಿಯೋಶ್ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಎತ್ತುವಿಕೆಯ ಸಮೀಕರಣವೊಂದಿದೆ. ಎಲ್ಲವೂ ಅನುಕೂಲವಾಗಿದ್ದಾಗ 23 ಕೆ.ಜಿ. ಎತ್ತಬಹುದು ಎಂದು ಅದು ಶುರುಮಾಡಿ, ಒಂದೊಂದು ಅನನುಕೂಲಕ್ಕೂ ಆ ಮಿತಿಯನ್ನು ಕಡಿತ ಮಾಡುತ್ತಾ ಹೋಗುತ್ತದೆ. ನಿಮ್ಮ ತೊಟ್ಟಿಗೆ ಹಾಕಿ ನೋಡೋಣ. ತೊಟ್ಟಿ ಅಗಲವಾಗಿರುವುದರಿಂದ ಕೈ ಪಾದದಿಂದ 40 ಸೆಂ.ಮೀ. ಮುಂದಿದೆ ಎನ್ನಿ, 25ನ್ನು 40ರಿಂದ ಭಾಗಿಸಿದರೆ 0.625. ಹಿಡಿ ನೆಲದಿಂದ 25 ಸೆಂ.ಮೀ. ಎತ್ತರದಲ್ಲಿದ್ದರೆ, ಆದರ್ಶವಾದ 75ಕ್ಕಿಂತ 50 ಕಡಿಮೆ, ಅದಕ್ಕೆ ಗುಣಕ 0.85. ಅಲ್ಲಿಂದ 125ರವರೆಗೆ ಎತ್ತಿ ಸುರಿಯುವುದಕ್ಕೆ, ಅಂದರೆ 100 ಸೆಂ.ಮೀ. ಏರಿಕೆಗೆ 0.865. ಎತ್ತುತ್ತಾ 45 ಡಿಗ್ರಿ ಸೊಂಟ ತಿರುಗಿಸಿದರೆ 0.856. ಎಲ್ಲವನ್ನೂ 23ರೊಂದಿಗೆ ಗುಣಿಸಿದರೆ ಬರುವುದು 9 ಕೆ.ಜಿ. ಹಿಡಿ ಚೆನ್ನಾಗಿದ್ದು, ಅಪರೂಪಕ್ಕೊಮ್ಮೆ ಎತ್ತಿದರೂ ಮಿತಿ ಅಷ್ಟೇ. ಪದೇ ಪದೇ ಎತ್ತುವುದಾದರೆ ಇನ್ನೂ ಇಳಿಯುತ್ತದೆ. 15 ಕೆ.ಜಿ. ಮಹಾ ಭಾರವಲ್ಲ ಎಂದಿರಿ, ಆ ಹುಡುಗ ಎತ್ತುವ ರೀತಿಗೆ ಅದು ಮಿತಿಯ ಒಂದೂವರೆ ಪಟ್ಟಿಗಿಂತಲೂ ಹೆಚ್ಚಿದೆ.

ಈಗ ಅದೇ 15 ಕೆ.ಜಿ.ಯನ್ನು ನೆಲದ ಬದಲು ಒಂದು ಕಟ್ಟೆಯ ಮೇಲೆ, ಹಿಡಿ 75 ಸೆಂ.ಮೀ.ಗೆ ಬರುವಂತೆ ಇಡಿ. ಕಿರಿದಾದ ತೊಟ್ಟಿ ಬಳಸಿ ಕೈಯನ್ನು 30 ಸೆಂ.ಮೀ.ಗೆ ಹತ್ತಿರ ತನ್ನಿ, ಬೇಸಿನ್ನಿಗೆ ನೇರ ಮುಖಮಾಡಿ ನಿಲ್ಲುವಂತೆ ಕಟ್ಟೆಯ ಜಾಗ ಬದಲಿಸಿ. ಏರಿಕೆ ಈಗ 50 ಸೆಂ.ಮೀ. ಮಾತ್ರ, ಅದಕ್ಕೆ ಗುಣಕ 0.91. 23 ಗುಣಿಸು 0.833 ಗುಣಿಸು 0.91, ಅಂದರೆ 17.4 ಕೆ.ಜಿ. ಹುಡುಗನಿಗೆ ಜಿಮ್ಮೂ ಬೇಡ, ಬೆಲ್ಟೂ ಬೇಡ. ಮಂಡಿ ಬಗ್ಗಿಸಿ ಎತ್ತು ಎಂದು ಬೋರ್ಡ್ ಬರೆಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಅಗಲವಾದ ತೊಟ್ಟಿ ಎರಡು ಮಂಡಿಗಳ ನಡುವೆ ಹಿಡಿಸುವುದೇ ಇಲ್ಲ. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ನೂರು ವರ್ಷಗಳಿಗೂ ಹಿಂದೆ ಇಟ್ಟಿಗೆ ಕಟ್ಟುವ ಗಾರೆಯವರನ್ನು ಗಮನಿಸಿ, ಇಟ್ಟಿಗೆಯನ್ನು ನೆಲದಲ್ಲಿ ರಾಶಿ ಹಾಕದೆ ಸೊಂಟದ ಮಟ್ಟಕ್ಕೆ ಏರಿಳಿಯುವ ಅಟ್ಟಣಿಗೆಯ ಮೇಲೆ ಇಡಿಸಿದ್ದೂ ಇದೇ ಯೋಚನೆಯಿಂದ. ಒಂದು ಇಟ್ಟಿಗೆಗೆ 18 ಚಲನೆಗಳು ಬೇಕಾಗಿದ್ದದ್ದು 5ಕ್ಕೆ ಇಳಿದವು.

ಉತ್ತರ — ಅಳತೆಗೋಲು (ತುಮಕೂರು)

ಬೇಸಿನ್ ಮುಂದಿನವರು ಬರೆದ ಮೇಲೆ ನನ್ನ ಸಲಹೆಯ ಕ್ರಮ ಬದಲಾಗುತ್ತದೆ. ಮೊದಲು ಕಪ್ಪು ಹಿನ್ನೆಲೆ ಮತ್ತು ದೀಪ, ಆಮೇಲೆ ರಾಟೆ ನಿಲ್ಲಿಸುವ ಹಿಡಿಕೆ, ಆಮೇಲೆ ಕಾಲಡಿಯ ಹಲಗೆ, ಸ್ಟೂಲ್ ಕೊನೆಗೆ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಕಲಂ ನಿಂತು ದುಡಿಯುವವರಿಗೆ ಕೂರುವ ಏರ್ಪಾಡು ಇರಬೇಕೆಂದು ಹೇಳಿದಾಗಿನಿಂದ ಕುರ್ಚಿ ತರಿಸಿ ಕೈತೊಳೆದುಕೊಂಡ ಕಾರ್ಖಾನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಕಲಂನಲ್ಲಿದ್ದದ್ದು ತಕ್ಕುದಾದ ಏರ್ಪಾಡು ಎಂದು.

ಹಲಗೆಯ ಬಗ್ಗೆ ನಿಮ್ಮ ಅಂಜಿಕೆ ಸರಿಯಾದದ್ದೇ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹಾಕಿದರೆ ಅಂಚಿನಿಂದ ಕಾಲು ಜಾರುತ್ತದೆ. ಬೇಸಿನ್ನಿನ ಪೂರ್ತಿ ಉದ್ದಕ್ಕೂ, ಎರಡು ಹೆಜ್ಜೆ ಅಗಲಕ್ಕೆ, ನೀರು ಕೆಳಗಿಳಿಯುವಂತೆ ಪಟ್ಟಿಗಳ ನಡುವೆ ಸಂದಿರುವ ವೇದಿಕೆ ಮಾಡಿಸಿ, ಮೇಲೆ ರಬ್ಬರ್ ಹಾಸಿ, ಹೊರ ಅಂಚಿಗೆ ಹಳದಿ ಬಣ್ಣ ಬಳಿಯಿರಿ. 91 ಸೆಂ.ಮೀ.ನವರಿಗೆ 8 ಸೆಂ.ಮೀ. ವೇದಿಕೆ ಸಾಕು, ಆಗ ಬಟನ್ನು ಮೊಣಕೈಗಿಂತ 9 ಸೆಂ.ಮೀ. ಮೇಲೆ ಬರುತ್ತದೆ. 102ರವರಿಗೆ ವೇದಿಕೆ ಬೇಡ. ನಡುವಿನವರಿಗೆ 4 ಸೆಂ.ಮೀ.ಯದು ಒಂದು. ಮೂರು ಎತ್ತರಗಳಲ್ಲಿ ಎಲ್ಲರನ್ನೂ ಹಂಚಿ, ಒಬ್ಬೊಬ್ಬರಿಗೂ ಅವರವರ ಬೇಸಿನ್ ಖಾಯಂ ಆಗಿರಲಿ. ಕಬ್ಬಿಣಕ್ಕೆ ದುಡ್ಡು ಹಾಕುವ ಮುಂಚೆ ಒಂದೇ ಬೇಸಿನ್ನಿಗೆ ಇಟ್ಟಿಗೆ, ಹಳೆಯ ಹಲಗೆ ಇಟ್ಟು ಒಂದು ವಾರ ನೋಡಿ, ಬೇಡವಾದರೆ ತೆಗೆಯುವ ಅಧಿಕಾರ ಅಲ್ಲಿ ನಿಂತವರಿಗೇ ಇರಲಿ.

ಪ್ರಶ್ನೆ ಕೇಳಿದವರು — ಗೂಡು ಮತ್ತು ನೂಲು

ಕಪ್ಪು ಹಾಳೆ ತರಿಸುತ್ತಿದ್ದೇನೆ, ಕಟ್ಟೆಗೆ ಗಾರೆಯವರಿಗೆ ಹೇಳಿದ್ದೇನೆ. ಹಿಡಿಕೆಯ ವಿಷಯದಲ್ಲಿ ಒಂದು ಸಂದೇಹ ಉಳಿದಿದೆ. ಈಗಿನ ಹಿಡಿಕೆಗೆ ಸರಳು ಬೆಸೆದು ಬಟನ್ನಿನ ಮಟ್ಟಕ್ಕೆ ಇಳಿಸಬಹುದೆಂದು ವೆಲ್ಡರ್ ಹೇಳುತ್ತಾರೆ. ಹತ್ತು ಸರಳುಗಳು ಒಂದೇ ಸಾಲಿನಲ್ಲಿ ನೇತಾಡಿದರೆ ಎಳೆಗೆ ಅಡ್ಡ ಬರುವುದಿಲ್ಲವೇ?

ಉತ್ತರ — ಬೇಸಿನ್ ಮುಂದಿನವಳು

ಅಡ್ಡ ಬರುತ್ತದೆ. ಸರಳನ್ನು ನೇರವಾಗಿ ಇಳಿಬಿಡದೆ ಎಳೆಗಳ ಬಲಪಕ್ಕಕ್ಕೆ ಬಗ್ಗಿಸಿ ತರಬೇಕು, ತುದಿಗೆ ಒದ್ದೆ ಕೈಗೆ ಜಾರದಂಥ ಮರದ ಗುಬುಟು ಹಾಕಬೇಕು. ಮೊದಲು ಒಂದನ್ನು, ತೀರ ಎಡತುದಿಯ ಎಳೆಗೆ ಮಾಡಿಸಿ. ಅಲ್ಲಿಗೆ ಬಲಗೈ ಅಡ್ಡಹಾಯ್ದು ಹೋಗುವುದರಿಂದ ಏನೇ ತೊಡಕಿದ್ದರೂ ಅಲ್ಲೇ ಮೊದಲು ಗೊತ್ತಾಗುತ್ತದೆ.